ಕೆಂಪಾದ ಬೀಜಕ

ಒಂಬತ್ತು ತಟ್ಟೆಗಳಲ್ಲಿ ಏಳನ್ನು ಬಿಸಾಡಿಸಿದವಳು ರೆಂಗನಿಸ್‌ಳೇ. ಆ ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟುವಂತಿರಲಿಲ್ಲ.

ಬೇರನ್ನು ನೆಚ್ಚಿ ಬಾಳುವ ಶಿಲೀಂಧ್ರಗಳನ್ನು ಗಾಜಿನ ತಟ್ಟೆಯಲ್ಲಿ, ಗಜ್ಜರಿ ಬೇರಿನ ಮೇಲೆ ಸಾಕುವುದರಲ್ಲಿ ಬೋಗೋರ್ ನಗರದ ಒಂದು ಪ್ರಯೋಗಾಲಯದಲ್ಲಿ ಅವಳದು ಹದಿನಾಲ್ಕು ವರ್ಷ ಪಳಗಿದ ಕೈ. ಈ ಸಲದ ಶಿಲೀಂಧ್ರ ಸುಲಾವೆಸಿ ದ್ವೀಪದ ಒಂದು ಗುಡ್ಡದ್ದು. ನಿಕ್ಕಲ್ ಗಣಿಯವರು ಆ ಗುಡ್ಡವನ್ನೇ ಬಗೆದು ಹಾಕಿದ್ದರು. ತಂದಿದ್ದ ಮಣ್ಣೂ ಮುಗಿದಿತ್ತು. ಅವಳಿಗೆ ತಿಳಿದಂತೆ ಅದು ಉಳಿದಿದ್ದದ್ದು ಆ ಒಂಬತ್ತು ತಟ್ಟೆಗಳಲ್ಲಿ ಮಾತ್ರ.

ಶಿಲೀಂಧ್ರದ ಎಳೆಗಳ ತುದಿ ಊದಿಕೊಂಡು, ಮತ್ತೆ ಮೊಳೆಯಬಲ್ಲ ಬೀಜಕವಾಗುತ್ತದೆ. ಮೊದಲು ಬಿಳಿ, ಬಲಿತ ಮೇಲೆ ಕಂದು. ಅವಳು ಸಾಕಿದ ಜಾತಿಗಳೆಲ್ಲ ಹಾಗೇ ಮಾಡಿದ್ದವು. ನಾಲ್ಕು ತಿಂಗಳಾದರೂ ಏಳು ತಟ್ಟೆಗಳು ಬಿಳಿಯಾಗಿಯೇ ಉಳಿದಾಗ ಅವೆಲ್ಲ ಜೊಳ್ಳೆಂದು ಮುಚ್ಚಳದ ಮೇಲೆ ಗೆರೆ ಎಳೆದಳು. ಗೆರೆ ಬಿದ್ದದ್ದನ್ನು ಹಬೆಯಲ್ಲಿ ಬೇಯಿಸಿಯೇ ಬಿಸಾಡಬೇಕು. ಆ ಕೆಲಸದ ಹಳೆಯ ಸಹಾಯಕ, ಎಲ್ಲರೂ ಮಾಂಗ್ ಅಂದರೆ ಚಿಕ್ಕಪ್ಪ ಎಂದು ಕರೆಯುವ ಮಾಂಗ್ ಎಂಟಿಸ್, ಇನ್ನೊಂದು ವಾರ ನೋಡೋಣವೇ ಎಂದು ಕೇಳಿದ್ದ.

"ನಿಮ್ಮ ಕರುಣೆಯೆಲ್ಲ ನಿಮ್ಮ ಕೋಳಿಗಳಿಗಿರಲಿ, ಮಾಂಗ್," ಎಂದು ನಕ್ಕಿದ್ದಳು.

ಉಳಿದೆರಡು ತಟ್ಟೆಗಳ ಕಂದು ಬೀಜಕಗಳನ್ನು ಹೊಸ ಬೇರಿನ ಮೇಲಿಟ್ಟಳು. ಮೂರು ವಾರವಾದರೂ ಒಂದೂ ಮೊಳೆಯಲಿಲ್ಲ. ಅನುಮಾನ ಬಂದು, ಜೀವವಿದ್ದರೆ ಕೆಂಪಾಗಿಸುವ ಬಣ್ಣದಲ್ಲಿ ಹತ್ತು ಕಂದು ಬೀಜಕ ಹಾಕಿದಳು. ಹೋಲಿಸಿ ನೋಡಲಿಕ್ಕೆಂದು ತಟ್ಟೆಯ ಅಂಚಿನಲ್ಲಿ ಸಿಕ್ಕ ಒಂದು ಬಿಳಿಯದನ್ನೂ ಹಾಕಿದಳು.

ಎರಡು ದಿನದ ಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಕಂದು ಬೀಜಕಗಳು ಕಂದಾಗಿಯೇ ಇದ್ದವು. ಬಿಳಿಯದು ಕೆಂಪಾಗಿತ್ತು.

ಅಂದರೆ ಈ ಜಾತಿ ಬಲಿತರೂ ಬಿಳಿಯೇ. ಮುಚ್ಚಳದ ಪಟ್ಟಿ ಸಡಿಲವಾಗಿ ಆ ಎರಡು ತಟ್ಟೆ ಒಣಗಿದ್ದವು, ಬೇರೂ ಸತ್ತಿತ್ತು. ಅವಳು ಮೆಚ್ಚಿಕೊಂಡ ಕಂದು ಸಾವಿನ ಬಣ್ಣವಾಗಿತ್ತು. ಎರಡೂ ತಟ್ಟೆಗಳನ್ನು ಇಂಚಿಂಚಾಗಿ ಜಾಲಾಡಿದಳು. ಇನ್ನೊಂದು ಬಿಳಿ ಬೀಜಕ ಸಿಗಲಿಲ್ಲ. ಹದಿನಾಲ್ಕು ವರ್ಷದ ಜಂಬ ಹೀಗೆ ಕಣ್ಣು ಕಟ್ಟುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಮಾಂಗ್ ಎಂಟಿಸ್ ಬಂದು ವಿಷಯ ಕೇಳಿ, ತಾನೂ ಬಗ್ಗಿ ನೋಡಿದ. ಅವನ ಮುಖ ಅರಳಿತು.

"ಒಂದಾದ್ರೂ ಬದುಕಿದೆಯಲ್ಲಮ್ಮ. ಇದನ್ನೇ ಬೇರಿನ ಮೇಲಿಡು. ಒಂದಿದ್ರೆ ಸಾಕು ಅಂತ ನೀನೇ ಹೇಳ್ತಿದ್ದೆ."

ಸಾಕಾಗುತ್ತಿತ್ತು, ನಿಜ.

"ಈ ಬಣ್ಣ ಜೀವ ಇದೆಯಾ ಅಂತ ತೋರಿಸತ್ತೆ, ಮಾಂಗ್," ಎಂದಳು. "ತೋರಿಸಿ ಕೊಂದುಬಿಡತ್ತೆ."