ನಾಲ್ಕನೆಯ ವ್ಯಕ್ತಿಯ ಬಲಗೈ

ಸಭಾಂಗಣದ ಕಾರ್ಪೆಟ್ಟಿನ ಮೇಲೆ ಯಾರೋ ಕುರ್ಚಿ ಎಳೆದ ಗುರುತು, ಈ ಕಡೆಯಿಂದ ನೋಡಿದರೆ ಕಡುನೀಲಿ, ತಲೆ ಸ್ವಲ್ಪ ವಾಲಿಸಿದರೆ ಬೆಳ್ಳಿ, ನೂಲು ಮಲಗಿದ ದಿಕ್ಕಿಗೆ ತಕ್ಕಂತೆ ಬೆಳಕು ಹೇಗೆ ಮರಳುತ್ತದೆ ಎಂಬುದಕ್ಕೆ ಒಂದು ಸೂತ್ರವಿದೆ, ಅಸೀಲಾಳಿಗೆ ಅದು ಬಾಯಿಪಾಠ, ಅದನ್ನೇ ಹೇಳಿಕೊಳ್ಳುತ್ತಿದ್ದರೆ ಬೇರೆ ಯಾವುದೂ ಒಳಗೆ ಬರಲಾರದು ಎಂದು ಶುರು ಮಾಡುತ್ತಾಳೆ, ಅರ್ಧಕ್ಕೇ ತಪ್ಪುತ್ತದೆ — ಮೂರನೆಯ ಸಾಲಿನಲ್ಲಿ ಉಪ್ಪ ಕೂತಿದ್ದಾರೆ, ಮದುವೆಗಳಿಗೆಂದು ಎತ್ತಿಡುವ ಬಿಳಿ ಅಂಗಿ, ಬಲಗೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಅದರ ಮೇಲೇ ಕೂತಿದ್ದಾರೆ, ಪಕ್ಕದಲ್ಲಿ ಉಮ್ಮ, ದುಬೈಯಿಂದ ಅಬುಧಾಬಿಯವರೆಗೆ ಕಾರಿನಲ್ಲಿ ಒಂದೇ ಮಾತು, ಮಗಳೇ, ಸ್ಟೇಜಿನಲ್ಲಿ ಉಪ್ಪನ ಹೆಸರು ಹೇಳ್ತೀಯಲ್ಲ, ಪಾಪ ಅವರಿಗೂ ಒಂದು ಖುಷಿ ಬೇಕಲ್ಲ ಈಗ, ಅದಕ್ಕೆ ಉಪ್ಪ, ಬೀಫಾತಿಮಾ, ನೀನು ಸುಮ್ಮನೆ ಕೂತ್ಕೊ ಮಾರಾಯ್ತಿ, ಅವಳು ಸಾಯನ್ಸ್ ಮಾತಾಡ್ಲಿಕ್ಕೆ ಹೋಗುವುದು, ನಿನ್ನ ಗಂಡನ ಜಾತಕ ಓದ್ಲಿಕ್ಕಲ್ಲ. ಹೆಸರು ಹೇಳುವ ಹಾಗಿಲ್ಲ ಉಮ್ಮ. ಪ್ರಬಂಧದಲ್ಲಿ ಯಾರಿಗೂ ಹೆಸರಿಲ್ಲ, ದುಬೈಯ ನೈಫ್ ಪೇಟೆಯ ಬಟ್ಟೆ ಅಂಗಡಿಗಳ ಏಳು ಮಂದಿ ಮಾರಾಟಗಾರರು ಅಲ್ಲಿ ಬರೀ ಸಂಖ್ಯೆಗಳು, ಉಮ್ಮರಬ್ಬ ಎಂಬ, ಇಪ್ಪತ್ತಾರು ವರ್ಷ ಒಂದೇ ಕೌಂಟರಿನ ಹಿಂದೆ ನಿಂತ ಅವಳ ಉಪ್ಪ, ನಾಲ್ಕನೆಯ ವ್ಯಕ್ತಿ.

ಎರಡನೆಯ ಬಹುಮಾನದ ಹುಡುಗಿ ಮೆಟ್ಟಿಲು ಹತ್ತುತ್ತಿದ್ದಾಳೆ, ಚಪ್ಪಾಳೆ, ಅವಳು ಇಳಿದ ಮೇಲೆ ತನ್ನ ಸರದಿ, ಮೊದಲನೆಯದು, ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಈ ವರ್ಷದ ಅತ್ಯುತ್ತಮ ವಿದ್ಯಾರ್ಥಿ ಪ್ರಬಂಧ, ಪರದೆಯ ಮೇಲಿನ ಬಟ್ಟೆ ನಿಜವಾದ ಕೈಯಿಂದ ಬೀಳುವ ಹಾಗೆ ಬೀಳುವುದು ಹೇಗೆ ಎಂಬ ವಿಷಯ, ಅದಕ್ಕಾಗಿಯೇ ಅಂದು ಅಂಗಡಿಯಲ್ಲಿ ಉಪ್ಪನ ಮಣಿಕಟ್ಟಿಗೆ ಆ ಸಣ್ಣ ಸೆನ್ಸರ್ ಪಟ್ಟಿ ಕಟ್ಟಿದ್ದು, ಉಪ್ಪ ಅಂಗಿಯ ತೋಳು ಮಡಚಿ ಕೈ ಚಾಚಿದ್ದು, ಇದೆಂತ ಬಿಪಿ ನೋಡುವುದಾ, ಅಲ್ಲ ಉಪ್ಪ, ನೀವು ಬಟ್ಟೆ ಹೇಗೆ ಹಾರಿಸ್ತೀರಂತ ನೋಡುವುದು, ಹಾಗಾದ್ರೆ ಕಾಯಿಲೆ ಎಂತಾದ್ರೂ ಕಂಡ್ರೆ ಅದನ್ನೂ ಹೇಳು, ಫ್ರೀ ಚೆಕಪ್ ಆಯ್ತು. ಅಂಗಡಿಯವರೆಲ್ಲ ನಕ್ಕರು, ಅವಳೂ ನಕ್ಕಳು, ಆಮೇಲೆ ಥಾನು, ಬಟ್ಟೆಯ ಆ ಉದ್ದ ಸುರುಳಿ, ಬಿಚ್ಚಿಕೊಂಡಿತು, ಶಿಫಾನು ಗಾಳಿಯಲ್ಲಿ ಒಂದು ಕ್ಷಣ ನಿಂತು ಗಿರಾಕಿ ಹೆಂಗಸಿನ ಮುಂದೆ ಬಿತ್ತು, ಒಂದು ಸುಕ್ಕಿಲ್ಲ, ಮತ್ತೆ ಕೈ ಗಾಜಿನ ಮೇಲೆ ವಿಶ್ರಾಂತಿಗೆ, ಮುಂದಿನ ಥಾನು ಬರುವವರೆಗೆ. ಆ ವಿಶ್ರಾಂತಿಯಲ್ಲೇ ಇತ್ತು. ಕೈ ಏನೂ ಮಾಡದೆ ಇದ್ದ ಆ ತುಣುಕುಗಳಲ್ಲಿ, ಚಪ್ಪಟೆಯಾಗಿರಬೇಕಿದ್ದ ಸೆನ್ಸರಿನ ಗೆರೆಯ ಮೇಲೆ ಒಂದು ಸಣ್ಣ ಗುಡ್ಡ, ಸೆಕೆಂಡಿಗೆ ಐದು ಸಲ.

ಏನಮ್ಮಾ ಇದು ಇಲ್ಲೊಂದು ಗುಡ್ಡ ಎದ್ದಿದೆ, ಎಂದು ಕೇಳಿದವರು ದ್ವಾರಕನಾಥ ಸರ್, ಅವಳ ಮಾರ್ಗದರ್ಶಕರು, ಮೈಸೂರಿನವರು, ಯಾವ ಗಾಬರಿಯಲ್ಲೂ ದನಿ ಏರಿಸದವರು, ಸಿಲಿಕಾನ್ ಓಯಸಿಸ್‌ನ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಅವಳ ಹೆಗಲ ಹಿಂದೆ ನಿಂತು, ಅಂಗಡಿಯ ಎಸಿಯದ್ದಿರಬೇಕು ಕಣಮ್ಮ, ಗಾಜು ಅದುರಿರತ್ತೆ, ಫಿಲ್ಟರ್ ಹಾಕಿ ತೆಗೀರಿ, ನಾಳೆ ನಾಲ್ಕಕ್ಕೆ ಗಡುವು. ಅವರ ತಪ್ಪಲ್ಲ, ನಾಲ್ಕನೆಯ ವ್ಯಕ್ತಿ ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಅವಳು ಹೇಳಿರಲಿಲ್ಲ, ತಂದೆಯನ್ನೇ ಅಳೆದಳೆಂದರೆ ಪ್ರಬಂಧ ತೂಗುವ ವಿಮರ್ಶಕರು ಮೂಗು ಮುರಿಯಬಹುದೆಂಬ ಸಣ್ಣ ಭಯ. ಸರ್ ಹೋದ ಮೇಲೆ ಅವಳು ಐದನೆಯವರ ಕಡತ ತೆರೆದಳು, ಆರನೆಯವರದು ತೆರೆದಳು, ಅದೇ ಅಂಗಡಿ, ಅದೇ ಎಸಿ, ಅದೇ ಗಾಜು, ಎರಡರಲ್ಲೂ ಗೆರೆ ಚಪ್ಪಟೆ — ಇದು ಅಂಗಡಿಯದಲ್ಲ, ಇದು ಕೈಯದು — ಎಷ್ಟು ಹೊತ್ತು ನೋಡಿದಳು, ಎರಡು ನಿಮಿಷ, ಮೂರು, ವಿಜ್ಞಾನ ಓದಿದವಳಿಗೆ ಅಷ್ಟು ಸಾಲದೆ, ಆಮೇಲೆ ಎರಡೂ ಕಡತ ಮುಚ್ಚಿ ಏಳು ಮಂದಿಗೂ ಒಂದೇ ಫಿಲ್ಟರ್ ಹಾಕಿದಳು, ಗುಡ್ಡ ಹೋಯಿತು, ಪರದೆಯ ಮೇಲಿನ ಕೈ ಹಾಲಿನ ಕೆನೆಯ ಹಾಗೆ ನಯವಾಯಿತು, ಸೆನ್ಸರ್ ಗದ್ದಲವನ್ನು ತೆಗೆದುಹಾಕಲಾಗಿದೆ, ಪುಟ ಐದರಲ್ಲಿ ಒಂದು ವಾಕ್ಯ. ಅಧ್ಯಯನಕ್ಕೆ ಮೊದಲು ತುಂಬಿದ ನೈತಿಕ ಸಮಿತಿಯ ಫಾರಂನಲ್ಲಿ ಒಂದು ಪ್ರಶ್ನೆಯಿತ್ತು, ಭಾಗವಹಿಸಿದವರ ಆರೋಗ್ಯದ ಬಗ್ಗೆ ಏನಾದರೂ ಕಂಡುಬಂದರೆ ಅವರಿಗೆ ತಿಳಿಸುವಿರಾ, ಹೌದು ಎಂಬ ಚೌಕಕ್ಕೆ ಅವಳದೇ ಗುರುತು.

ಗಡುವಿನ ಮರುದಿನ ಹೇಳಬಹುದಿತ್ತು. ಮರುವಾರ. ಈದಿಗೆ. ಥಾನು ಕೈಜಾರಿ ಗಿರಾಕಿಯ ಕಾಲ ಮೇಲೆ ಬಿತ್ತೆಂದು ಉಪ್ಪ ನಗುತ್ತಾ ಹೇಳಿದ ದಿನವಂತೂ ಹೇಳಲೇಬೇಕಿತ್ತು, ಅವತ್ತು ಉಮ್ಮ, ಟೀ ಕಮ್ಮಿ ಮಾಡಿ ಅಂದ್ರೆ ಕೇಳುವುದಿಲ್ಲ ನೀವು, ಅವಳು ಪ್ಲೇಟಿನಿಂದ ತಲೆ ಎತ್ತಲಿಲ್ಲ. ಆಮೇಲೆ ಅಂಗಡಿಯ ಮಾಲೀಕ ಮೋಹನದಾಸ್ ಸೇಠ್ ಉಪ್ಪನನ್ನು ಕೌಂಟರಿನಿಂದ ಗೋದಾಮಿಗೆ ಹಾಕಿದ್ದು, ಉಮ್ಮರ್ ಭಾಯಿ, ಕೌಂಟರ್ ಖಲಾಸ್, ಒಳಗೆ ಕೂತು ಲೆಕ್ಕ ನೋಡಿ, ಮತ್ತು ಯಾರೋ ಯಾರಿಗೋ ಕಿವಿಯಲ್ಲಿ, ಈ ಪ್ರಾಯದಲ್ಲಿ ಕುಡಿತ ಶುರು ಮಾಡಿದ್ರಾ ಎಂತದು, ಐದು ಹೊತ್ತು ನಮಾಝು ಬಿಡದ ಮನುಷ್ಯನ ಬಗ್ಗೆ, ಅದು ಮನೆಯವರೆಗೆ ಬಂದ ಮೂರನೆಯ ದಿನದಿಂದ ಉಪ್ಪ ಕೈಯ ಮೇಲೆ ಕೂರುವುದನ್ನು ಕಲಿತರು. ಕೊನೆಗೆ ಡಾಕ್ಟರು ಹೇಳಿದ್ದು ಈಗ ಎರಡು ವಾರದ ಹಿಂದೆ, ಪಾರ್ಕಿನ್ಸನ್ಸ್, ಮಾತ್ರೆಗಳಿವೆ, ಮೊದಲೇ ಬಂದಿದ್ದರೆ ಇಷ್ಟು ದಿನ ನೀವು ಸುಮ್ಮನೆ ಕಷ್ಟಪಡುವುದು ತಪ್ಪುತ್ತಿತ್ತು, ಯಾವಾಗಿನಿಂದ ಇದೆ ಇದು. ಎರಡು ಮೂರು ತಿಂಗಳು ಸಾರ್ ಎಂದರು ಉಪ್ಪ. ಹದಿನಾಲ್ಕು ತಿಂಗಳು. ತಾರೀಕು, ಗಂಟೆ, ಸೆಕೆಂಡಿನ ನೂರನೆಯ ಭಾಗದವರೆಗೆ ಅವಳ ಬಳಿ ಇತ್ತು, ಪಕ್ಕದ ಕುರ್ಚಿಯಲ್ಲಿ ಮಡಿಲ ಮೇಲೆ ಲ್ಯಾಪ್‌ಟಾಪ್ ಚೀಲ ಇಟ್ಟುಕೊಂಡು ಕೂತಿದ್ದಳು, ಡಾಕ್ಟರು ಅವಳ ಕಡೆಯೂ ನೋಡಿದರು, ನೀವೇನಾದರೂ ಗಮನಿಸಿದ್ದಿರಾ, ನೋ ಡಾಕ್ಟರ್ ಎಂದಳು. ಗುಡ್ಡ ಅಳಿಸಿದ್ದು ಒಂದು ತಪ್ಪು. ಈ ಎರಡು ಪದ ಬೇರೆಯದೇ ತಪ್ಪು.

ಹೆಸರು ಕರೆದರು. ಮೆಟ್ಟಿಲು ನಾಲ್ಕು, ದೀಪ ಕಣ್ಣಿಗೇ, ತೀರ್ಪುಗಾರ್ತಿ ಎಮಿಲಿಯಾ ಕಾಗದ ನೋಡಿ ಓದುತ್ತಿದ್ದಾರೆ, ವಿಶೇಷವಾಗಿ ಕೈ ಚಲನೆಯ ದತ್ತಾಂಶದ ಅಪರೂಪದ ಸ್ವಚ್ಛತೆಗಾಗಿ, ಹಿಂದೆ ಪರದೆಯ ಮೇಲೆ ಆ ಕೈ, ನಯವಾಗಿ, ಎಂದೂ ಇರದಷ್ಟು ನಯವಾಗಿ, ಬಟ್ಟೆ ಹಾರಿಸುತ್ತಿದೆ, ಫಲಕ ಭಾರವಾಗಿದೆ, ಒಂದೆರಡು ಮಾತು ಹೇಳಿ ಎನ್ನುತ್ತಿದ್ದಾರೆ, ಮೈಕು — ಹೇಳಿಬಿಡು, ಇಲ್ಲೇ, ಆಮೇಲೆ ಎಂಬುದು ನಿನ್ನಿಂದಾಗದು, ಹದಿನಾಲ್ಕು ತಿಂಗಳು ಆಮೇಲೆ ಎಂದವಳು ನೀನು — ಈ ನಾಲ್ಕನೆಯ ವ್ಯಕ್ತಿ ನನ್ನ ತಂದೆ, ಉಮ್ಮರಬ್ಬ, ಅಲ್ಲಿ ಮೂರನೆಯ ಸಾಲಿನಲ್ಲಿದ್ದಾರೆ, ಅವರ ಕೈಯಿಂದ ನಾನು ತೆಗೆದುಹಾಕಿದ್ದು — ಮುಂದಿನದು ಯಾರಿಗೂ ಕೇಳಿಸಲಿಲ್ಲ, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದೆ, ದ್ವಾರಕನಾಥ ಸರ್ ಮಾತ್ರ ಕೂತೇ ಇದ್ದಾರೆ, ಅವಳನ್ನೇ ನೋಡುತ್ತಾ, ಉಮ್ಮ ಉಪ್ಪನ ಬೆನ್ನು ತಿವಿಯುತ್ತಾಳೆ, ಏಳಿ, ಏಳಿ ನೀವು, ಉಪ್ಪ ಏಳುತ್ತಾರೆ, ಕೈ ತೊಡೆಯಡಿಯಿಂದ ಹೊರಗೆ ಬರುತ್ತದೆ, ಮಗಳು ಹೆಸರು ಹೇಳಿದಳೆಂಬ ಸಂಭ್ರಮದಲ್ಲಿ ಅದನ್ನು ಸಲಾಮಿಗೆ ಎತ್ತಿ ಹಿಡಿಯುತ್ತಾರೆ, ಒಂದು ಸೆಕೆಂಡು ನಿಶ್ಚಲ, ಎರಡು, ಮೂರು, ಮತ್ತೆ ನಡುಕ ಶುರುವಾಗುತ್ತದೆ, ಉಪ್ಪ ಇಳಿಸುವುದಿಲ್ಲ, ನಗುತ್ತಿದ್ದಾರೆ, ಮುಂದಿನ ಸಾಲಿನ ಹೆಂಗಸೊಬ್ಬಳು ತಿರುಗಿ ನೋಡಿ, ಕೈ ಬೀಸುತ್ತಿದ್ದಾರೆಂದುಕೊಂಡು ತಾನೂ ಕೈ ಬೀಸುತ್ತಾಳೆ, ಅವಳ ಪಕ್ಕದವನು ಬೀಸುತ್ತಾನೆ, ಸಾಲು ಸಾಲು ಅಪರಿಚಿತರು ನಗುತ್ತಾ ಉಪ್ಪನಿಗೆ ಕೈ ಬೀಸುತ್ತಿದ್ದಾರೆ, ನಡುವೆ ಆ ಒಂದು ಕೈ, ಸೆಕೆಂಡಿಗೆ ಐದು, ಆ ಒಂದು ಕೈ, ಸೆಕೆಂಡಿಗೆ ಐದು, ಐದು,