ಒಂಬತ್ತು ಲಿಫ್ಟಿನ ಗುರುವಾರ

ಎಂಟನೇ ಲಿಫ್ಟಿನ ಶುಕ್ರವಾರ ಇನ್ನೂ ಬೆಚ್ಚಗಿದೆ, ಬೆಳಗಿನಿಂದ ಎಷ್ಟು ಕಾಲು ತುಳಿದಿವೆಯೋ, ಕಾರ್ಪೆಟ್ಟು ಸುರುಳಿ ಸುತ್ತಿ ಕಂಕುಳಿಗೆ ಇಟ್ಟುಕೊಂಡರೆ ನಿದ್ದೆಹೋದ ಮಗುವಿನ ಹಾಗೆ ಒರಗುತ್ತದೆ – ಇನ್ನು ಮೂರನೇ ಲಿಫ್ಟಿನದೊಂದು ಎತ್ತಿಬಿಟ್ಟರೆ ಈ ಹಡಗಿನಲ್ಲಿ ಶುಕ್ರವಾರವೆಂಬುದೇ ಇರುವುದಿಲ್ಲ, ಮಟಮಟ ಮಧ್ಯಾಹ್ನ ಮೂರು ಸಾವಿರ ಜನ ಹಿಂದಿನ ದಿನಕ್ಕೆ ಹೋಗಿ ಕೂತಿರುತ್ತಾರೆ, ಟಿಕೆಟ್ಟಿನಲ್ಲಿಲ್ಲದ ಒಂದು ದಿನ ಪುಕ್ಕಟೆ, ಬೇಡವೆನ್ನುವವರು ಯಾರು. ಹದಿನಾಲ್ಕು ವರ್ಷದಿಂದ ಅವನು ಈ ವಿಹಾರದ ಹಡಗಿನಲ್ಲಿ ಹಿತ್ತಾಳೆ ತಿಕ್ಕುತ್ತಾನೆ, ಕನ್ನಡಿ ಒರೆಸುತ್ತಾನೆ, ಆದರೆ ಕ್ಯಾಲೆಂಡರ್ ಎಂದು ಹೆಸರು ಬಿದ್ದದ್ದು ಈ ಕಾರ್ಪೆಟ್ಟುಗಳಿಂದ – ಒಂಬತ್ತು ಲಿಫ್ಟು, ಒಂದೊಂದರ ನೆಲಕ್ಕೂ ವಾರದ ಹೆಸರು ನೇಯ್ದ ಕಾರ್ಪೆಟ್ಟು, ದಿನಾ ಬೆಳಿಗ್ಗೆ ನಿನ್ನೆಯದನ್ನು ಎತ್ತಿ ಇವತ್ತಿನದನ್ನು ಹಾಸಬೇಕು, ರಜೆಗೆ ಬಂದವರಿಗೆ ಮೂರನೇ ದಿನಕ್ಕೇ ವಾರ ಮರೆಯುತ್ತದಲ್ಲ, ನೀಲಿ ನೀರು, ನೀಲಿ ಆಕಾಶ, ತಿನ್ನು, ಮಲಗು. ನೀನು ಹಾಸೋ ತನಕ ಬೆಳಗಾಗಲ್ಲ ಕಣಯ್ಯ ಎಂದು ಅಡುಗೆಯವರು ರೇಗಿಸುತ್ತಾರೆ, ಅವನೂ ನಂಬಿಬಿಟ್ಟಿದ್ದಾನೆ, ತಾನೊಮ್ಮೆ ನೆಗಡಿಯಾಗಿ ಮಲಗಿದಾಗ ಮಂಗಳವಾರ ಎರಡು ದಿನ ನಡೆಯಿತೆಂದೂ, ಕ್ಯಾಪ್ಟನ್ನರು ಎರಡು ಸಲ ಗಡ್ಡ ಬೋಳಿಸಬೇಕಾಯಿತೆಂದೂ ಸಿಕ್ಕವರಿಗೆಲ್ಲ ಹೇಳುತ್ತಾನೆ, ಆ ಅಮ್ಮನಿಗೂ ಹೇಳಿದ್ದ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆ ಅಮ್ಮ, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಯಜಮಾನರ ಕೈ ಹಿಡಿದು ಮೂರನೇ ಲಿಫ್ಟಿಗೆ ಬರುವವರು, ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದ್ದವರಂತೆ, ಗಂಟಲು ಈಗಲೂ ಗಂಟೆ. ಅವಳಿಗೆ ಸ್ವಲ್ಪ ಮರೆವು ಕಣಪ್ಪಾ, ಯಜಮಾನರು ಮೊದಲ ದಿನವೇ ಪಿಸುಗುಟ್ಟಿದ್ದರು, ಡಾಕ್ಟ್ರು ಮೊದಲು ಕೇಳೋದೇ ಇವತ್ತು ಯಾವ ವಾರ ಅಂತ, ಪಾಪ, ನನ್ನ ಮುಖ ನೋಡ್ತಾಳೆ. ಲಿಫ್ಟಿನಲ್ಲಿ ಮಾತ್ರ ಅಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ನೆಲ ನೋಡಿ, ಸೆಟೆದು ನಿಂತು, ಇವತ್ತು ಬುಧವಾರ, ಎಂದು ಲೋಕಕ್ಕೆಲ್ಲ ಲೈನು ಕೊಟ್ಟ ಹಾಗೆ ಸಾರುತ್ತಿದ್ದರು, ಯಜಮಾನರು ದಿನಾ ಬೆರಗಾಗುತ್ತಿದ್ದರು, ಹೌದಾ, ನಂಗೆ ಗೊತ್ತೇ ಇರ್ಲಿಲ್ಲ ನೋಡು, ನಿಮಗೆ ಯಾವುದು ತಾನೇ ನೆನಪಿರತ್ತೆ ಹೇಳಿ, ಅಮ್ಮನ ಗದರಿಕೆ – ಅವನು ಕನ್ನಡಿಯತ್ತ ತಿರುಗಿ, ಇಲ್ಲದ ಕಲೆಯನ್ನು ಉಜ್ಜುತ್ತಿದ್ದ.

ಇವತ್ತು ಮೂರನೇ ಲಿಫ್ಟಿನ ತಳ ಬಿಚ್ಚಿತ್ತು, ಮೆಕ್ಯಾನಿಕ್ಕಿನ ಎರಡು ಕಾಲು ಮಾತ್ರ ಕಾಣುತ್ತಿದ್ದವು, ಹತ್ತು ನಿಮಿಷ ಬಿಟ್ಟು ಬಾ ಮಾರಾಯ ಎಂದವು ಕಾಲುಗಳು, ಅಷ್ಟರಲ್ಲಿ ಊರಿಂದ ಹೆಂಡತಿಯ ಫೋನು, ಚಿಕ್ಕವಳು ನಿಮ್ಮ ಫೋಟೋ ನೋಡಿ ಮಾಮಾ ಅಂದ್ಲು ರೀ, ಅವಳು ನಗುತ್ತಲೇ ಹೇಳಿದಳು, ಇವನೂ ನಕ್ಕ, ಮಾಮಾ, ಫೋನಿಟ್ಟಮೇಲೆ ಅದೊಂದೇ ಮಾತು ತಲೆಯಲ್ಲಿ ಸುತ್ತುತ್ತ ಸುತ್ತುತ್ತ, ಎಂಟು ಲಿಫ್ಟಿಗೆ ಶುಕ್ರವಾರ ಬಂತು, ಮೂರನೆಯದರಲ್ಲಿ ಮೆಕ್ಯಾನಿಕ್ಕು ಮತ್ತೆ ಹಾಸಿಹೋದ ಗುರುವಾರವೇ ಉಳಿಯಿತು. ಅಮ್ಮ ಓದಿದರು, ಊಟದ ಹಾಲಿನಲ್ಲಿ ಸಾರಿದರು, ಅವನು ಬಾಗಿಲ ಹಿತ್ತಾಳೆ ತಿಕ್ಕುತ್ತ ಕೇಳಿಸಿಕೊಂಡ – ಅಮ್ಮಾ, ಗುರುವಾರ ನಿನ್ನೆ, ಜೊತೆಗೆ ಪ್ರಯಾಣ ಬಂದಿದ್ದ ಮಗ ತಟ್ಟೆಯಿಂದ ತಲೆ ಎತ್ತದೆ ಹೇಳಿದ, ನೋಡಿದ್ರಾ ಅಪ್ಪಾ, ಈ ಪ್ರಯಾಣದಲ್ಲಿ ಹೇಗಿರ್ತಾಳೆ ನೋಡಿ ಆಮೇಲೆ ಹೇಳು ಅಂದ್ರಲ್ಲ, ನೋಡಿದ್ದಾಯ್ತು, ಇಳಿದ ತಕ್ಷಣ ಆ ಆರೈಕೆ ಮನೆಯವರಿಗೆ ಹೂಂ ಅಂದುಬಿಡ್ತೀನಿ. ಯಜಮಾನರು ಚಮಚ ಕೆಳಗಿಟ್ಟ ಸದ್ದು.

ಬಿದ್ದಂಬೀಳ ಓಡಿ ಮೂರನೆಯದಕ್ಕೆ ಶುಕ್ರವಾರ ಹಾಸಿದ, ತಪ್ಪು ತಿದ್ದಿದೆನೆಂದು ಉಸಿರು ಬಿಡುವಷ್ಟರಲ್ಲಿ ಅವರು ತಿರುಗಿ ಬಂದರು, ಅಮ್ಮ ಒಂದು ಕಾಲು ಎತ್ತಿದರು, ಎತ್ತಿದವರು ಹಾಗೇ ನಿಂತರು, ಹೊಸ್ತಿಲ ಮೇಲೆ, ಗಾಳಿಯಲ್ಲಿ ಪಾದ, ಹೆಬ್ಬೆರಳಿಗೆ ಜೋತ ಚಪ್ಪಲಿ ಅಲ್ಲಾಡುತ್ತಿತ್ತು – ಈಗ ತಾನೇ ಗುರುವಾರ ಇತ್ತಲ್ರೀ ಇಲ್ಲಿ. ಪಾದ ಹಿಂದಕ್ಕೆ ಹೋಯಿತು, ಮೆಟ್ಟಿಲಲ್ಲೇ ಹೋಗೋಣ, ಈ ಕಣ್ಣನ್ನೂ ನಂಬೋ ಹಾಗಿಲ್ಲ. ಅಯ್ಯೋ, ನೆಟ್ಟಗೆ ಮಾಡಲು ಹೋಗಿ ಇನ್ನೂ ಸೊಟ್ಟ. ಅವರ ಕೋಣೆಗೇ ಹೋಗಿ ಬಾಗಿಲು ಬಡಿದ, ಅಮ್ಮಾ, ತಪ್ಪು ನಂದು, ನೀವು ಓದಿದ್ದು ಸರಿ, ನಾನೇ ಬದಲಾಯಿಸೋದು ಮರೆತೆ, ಹದಿನಾಲ್ಕು ವರ್ಷದಲ್ಲಿ ಅವನು ಆಡಿದ ಮೊದಲ ನಿಜ, ಅಮ್ಮ ಅವನ ಕೆನ್ನೆ ಸವರಿ ಒಂದು ಬಿಸ್ಕತ್ತು ಕೊಟ್ಟರು, ನಿನ್ನ ಮಂಗಳವಾರದ ಕಥೆ ಇದಕ್ಕಿಂತ ಚೆನ್ನಾಗಿತ್ತು ಕಣೋ. ಒಳಗಿಂದ ಮಗ, ಇವಳನ್ನ ಸಮಾಧಾನ ಮಾಡೋಕೆ ಎಲ್ಲಾರೂ ಒಂದೊಂದು ಸುಳ್ಳು ಹೇಳೋರೇ. ನಿಜಕ್ಕೆ ಬೆಲೆಯಿಲ್ಲದ ಮೇಲೆ ಸುಳ್ಳನ್ನಾದರೂ ದೊಡ್ಡದಾಗಿ ಹೇಳಬೇಕು, ಒಂಬತ್ತು ಲಿಫ್ಟಿನಷ್ಟು ದೊಡ್ಡದಾಗಿ – ಆ ಪಾದ, ಆ ಚಪ್ಪಲಿ, ಕಣ್ಣು ಮುಚ್ಚಿದರೆ ಅಲ್ಲಾಡುತ್ತದೆ.

ಈಗ ಉಳಿದದ್ದು ಮೂರನೆಯದು, ಮಂಡಿಯೂರಿ ಮೂಲೆ ಎಳೆಯುತ್ತಾನೆ, ಗುರುವಾರ ಅಗಲವಾಗಿ ಬಿಚ್ಚಿಕೊಳ್ಳುತ್ತದೆ, ಸೊಂಟದ ವಾಕಿಟಾಕಿ ಕಿರುಚುತ್ತಿದೆ, ಕ್ಯಾಲೆಂಡರ್, ಎಲ್ಲಿ ಸತ್ತಿದ್ದೀಯ, ಮಸಾಜಿನ ಬಾಗಿಲಲ್ಲಿ ನಲವತ್ತು ಜನ ನಿಂತಿದ್ದಾರೆ, ಗುರುವಾರದ ಚೀಟಿ ಹಿಡ್ಕೊಂಡು ಜಗಳ, ಆಫೀಸಿಗೆ ಬಾ, ಬರುತ್ತೇನೆ ಸ್ವಾಮಿ, ಕೆಲಸ ಹೋದರೆ ಹೋಗಲಿ, ಮನೆಗೆ ಹೋಗಿ ಮಾಮಾ ಅನ್ನಿಸಿಕೊಳ್ಳುತ್ತೇನೆ, ಅಲ್ಲ, ಅಪ್ಪಾ ಅನ್ನೋದು ಕಲಿಸುತ್ತೇನೆ, ಎಷ್ಟು ದಿನ ಹಿಡಿದೀತು – ಬಾಗಿಲು ಸರಿಯುತ್ತದೆ. ಅಮ್ಮ, ಯಜಮಾನರು, ಮಗ, ಮೂವರೂ. ಮಗನ ಕಣ್ಣು ನೆಲಕ್ಕೆ ಹೋಗುತ್ತದೆ, ಪಕ್ಕದಲ್ಲಿ ಬಾಗಿಲು ತೆರೆದು ನಿಂತ ಲಿಫ್ಟಿನ ನೆಲಕ್ಕೆ, ಮತ್ತೆ ಇಲ್ಲಿಗೆ, ಗುರುವಾರಾನಾ, ಎನ್ನುತ್ತಾನೆ ಅಷ್ಟು ದೊಡ್ಡ ಗಂಡಸು, ಜೇಬಿನ ಫೋನಿಗೆ ಕೈ ಹೋಗಿ ಅರ್ಧಕ್ಕೇ ನಿಂತು, ಅಪ್ಪಾ, ಇವತ್ತು... ಅಪ್ಪನ ಮುಖ ನೋಡುತ್ತಾನೆ. ನಂಗೆ ಗೊತ್ತೇ ಇರ್ಲಿಲ್ಲ ನೋಡು, ಯಜಮಾನರು. ಅಮ್ಮ ಮಗನ ಬೆನ್ನು ಸವರುತ್ತಾರೆ, ಇರ್ಲಿ ಬಿಡೋ, ಮರೆವು ಎಲ್ಲರಿಗೂ ಬರತ್ತೆ, ಅದಕ್ಕೆ ಯಾರಾದ್ರೂ ಮನೆಯಿಂದ ಆಚೆ ಕಳಿಸ್ತಾರಾ. ಮಗ ಕೆಂಪಾಗಿದ್ದಾನೆ, ಖಾಲಿ ಕೈಯನ್ನು ಜೇಬಿನಿಂದ ತೆಗೆದು ಅಮ್ಮನ ಮೊಣಕೈಗೆ ಆಸರೆ ಕೊಡುತ್ತಾನೆ, ವಾಕಿಟಾಕಿ ಕೂಗುತ್ತಲೇ ಇದೆ, ಇವನು ಗೋಡೆಗೆ ಅಂಟಿ ನಿಂತಿದ್ದಾನೆ, ಅಮ್ಮ ಕಾಲು ಎತ್ತುತ್ತಾರೆ – ಹೊಸ್ತಿಲ ಮೇಲೆ, ಗಾಳಿಯಲ್ಲಿ ಪಾದ, ಹೆಬ್ಬೆರಳಿಗೆ ಜೋತ ಚಪ್ಪಲಿ – ಇಳಿಯುತ್ತಿದೆ.