ಕೆಳಗಿನ ಸಾಲು

ಆಂಬುಲೆನ್ಸಿನ ಹಿಂಬಾಗಿಲನ್ನು ಒಳಗಿನಿಂದ ತೆಗೆಯಲು ಬರುತ್ತಿರಲಿಲ್ಲ. ಜಯಶ್ರೀ ಅಂಗೈಯಿಂದ ಗಾಜು ಬಡಿದಳು. ಹೊರಗೆ ನೆರೆದಿದ್ದ ಕೇರಿಯವರಲ್ಲಿ ಯಾರೋ ಹಿಡಿಕೆ ತಿರುಗಿಸಿದರು. ಬಿಸಿಲು ಒಮ್ಮೆಗೇ ಒಳನುಗ್ಗಿ ಅಣ್ಣನ ಮುಖದ ಮೇಲೆ ಬಿತ್ತು. ಅವಳು ಸೆರಗನ್ನು ಅಡ್ಡ ಹಿಡಿದಳು. ಬಳ್ಳಾರಿ ಬಿಟ್ಟು ಸಿರುಗುಪ್ಪ ದಾಟಿ ಕರೂರು ಮುಟ್ಟುವವರೆಗೂ ಅವಳು ಅತ್ತಿರಲಿಲ್ಲ. ಈಗಲೂ ಅಳು ಬರಲಿಲ್ಲ. ಎದೆಯಲ್ಲಿದ್ದದ್ದು ದುಃಖಕ್ಕಿಂತ ಗಟ್ಟಿಯಾದದ್ದು, ಒಂದು ವರ್ಷದಿಂದ ಅಲ್ಲೇ ಕೂತದ್ದು.

ಭೀಮರಾಜನನ್ನು ಚಿಕ್ಕಪ್ಪ ಮಾರೆಣ್ಣನ ಮನೆಯ ಮುಂದೆ, ಶಾಮಿಯಾನದ ನೆರಳಿನಲ್ಲಿ ಮಲಗಿಸಿದರು. ಮಾರೆಣ್ಣ ಹಲಗೆ ಬಡಿಯುವವರಿಗೆ ಹೇಳಿಕಳಿಸಿದ್ದ. ಜಯಶ್ರೀ ಬೇಡವೆಂದಳು. ಅಣ್ಣ ಬೌದ್ಧನಾಗಿ ಬಾಳಿದವನು, ಬಿಳಿ ಬಟ್ಟೆ, ಬುದ್ಧವಂದನೆ, ಮಣ್ಣು ಇಷ್ಟೇ ಸಾಕೆಂದು ಬದುಕಿದ್ದಾಗಲೇ ಹೇಳಿದ್ದ. ಮಾರೆಣ್ಣ ಒಪ್ಪಿದನಾದರೂ, ಸದ್ದಿಲ್ಲದೆ ಹೆಣ ಹೋದರೆ ಹೋದದ್ದು ಯಾರಿಗೆ ಗೊತ್ತಾಗಬೇಕು ಎಂದು ಗೊಣಗಿಕೊಂಡ.

ಹೆಂಗಸರು ಭೀಮರಾಜನ ಹೆಂಡತಿ ಹಂಪಮ್ಮನನ್ನು ಸುತ್ತುವರಿದು, ಹೇಗಾಯಿತು ಎಂದು ಕೇಳುತ್ತಿದ್ದರು. ಅವಳು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. ಮುಖ ತೊಳೆಯಲು ಹೋದವನು ಬಚ್ಚಲಲ್ಲೇ ಕುಸಿದ, ಆಸ್ಪತ್ರೆಯವರು ಹೃದಯ ನಿಂತಿದೆ ಎಂದರು. ಪ್ರೆಸ್ಸು ಮುಚ್ಚಿದ ಮೇಲೆ ಸರಿಯಾಗಿ ಉಂಡಿರಲಿಲ್ಲ, ನಿದ್ದೆ ಮಾಡಿರಲಿಲ್ಲ. ಫೋನಿನಲ್ಲಿ ಜಗಳವಾಡಿ ಹೀಗಾದನಂತೆ ಹೌದೇ ಎಂದು ಒಬ್ಬಳು ಮೆಲ್ಲಗೆ ವಿಚಾರಿಸಿದಳು.

"ಕಾಣದ ಮಂದಿ ಕೂಡ ಏನು ಜಗಳವ್ವ ಅದು?" ಮೂಲೆಯಲ್ಲಿದ್ದ ಮುದುಕಿ ಕೇಳಿದಳು. "ಹೊಲದ್ದಾ, ಮನಿದಾ?"

"ಹೊಲದ್ದೂ ಅಲ್ಲ, ಮನಿದೂ ಅಲ್ಲಬೇ," ಎಂದಳು ಹಂಪಮ್ಮ. "ಪ್ರಪಂಚದ್ದು."

*

ಬಳ್ಳಾರಿಯ ಗಾಂಧಿನಗರದಲ್ಲಿ ಭೀಮರಾಜನ ಪ್ರೆಸ್ಸು ಇತ್ತು. ಮದುವೆ ಕಾರ್ಡು, ಬಿಲ್ ಬುಕ್ಕು, ಶಾಲೆಗಳ ಪ್ರಶ್ನೆಪತ್ರಿಕೆ ಅಚ್ಚು ಹಾಕಿ, ಅದರಲ್ಲಿ ಉಳಿದದ್ದರಿಂದ ವರ್ಷಕ್ಕೆ ಎರಡೋ ಮೂರೋ ಪುಸ್ತಕ ಪ್ರಕಟಿಸುತ್ತಿದ್ದ. ಆ ಪುಸ್ತಕಗಳು ಹೆಚ್ಚು ಮಾರಾಟವಾದದ್ದಿಲ್ಲ. ಗಂಡನನ್ನು ಬಿಟ್ಟು ಬಂದ ಜಯಶ್ರೀಗೆ ಅವನು ಮನೆಯ ಮಹಡಿಯನ್ನು ಬಿಟ್ಟುಕೊಟ್ಟಿದ್ದ. ಯಾಕೆ ಬಂದೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಹಿಡಿದಳು. ಸಂಜೆ ಬಂದು ಅಣ್ಣನ ಎದುರಿಗೆ ಕೂತು ಚಹಾ ಕುಡಿಯುವುದು ರೂಢಿಯಾಯಿತು.

ಆ ಹೊತ್ತಿಗೆ ಭೀಮರಾಜ ಫೋನು ಹಿಡಿದಿರುತ್ತಿದ್ದ. ಫೇಸ್‌ಬುಕ್ಕಿನಲ್ಲಿ 'ಓದುಗರ ಜಗಲಿ' ಎಂಬ ಗುಂಪು. ಯಾವ ಯಾವ ಊರಿನವರೋ ಸೇರಿ ಎಲ್ಲದರ ಬಗ್ಗೆಯೂ ವಾದ ಮಾಡುತ್ತಿದ್ದರು. ಕಂಪ್ಯೂಟರೇ ಕತೆ ಬರೆದರೆ ಲೇಖಕನಿಗೇನು ಕೆಲಸ, ಪುಸ್ತಕವೆಲ್ಲ ಫೋನಿಗೆ ಬಂದರೆ ಪ್ರಕಾಶಕ ಏನು ಮಾಡಬೇಕು, ಡ್ರೋನಿನ ಕಾಲದಲ್ಲಿ ಗಡಿ ಕಾಯುವುದೆಂದರೇನು, ಅಣುಬಾಂಬು ಇರುವ ದೇಶಕ್ಕೆ ನಿಜಕ್ಕೂ ಭಯವಿಲ್ಲವೇ. ಭೀಮರಾಜ ಎಷ್ಟೋ ಸಲ ತಪ್ಪು ಹೇಳುತ್ತಿದ್ದ. ಕನ್ನಡದವರು ಫೋನಿನಲ್ಲಿ ಪುಸ್ತಕ ಓದುವುದೇ ಇಲ್ಲವೆಂದು ಎರಡು ವರ್ಷ ಹಟ ಹಿಡಿದು, ಕೊನೆಗೆ ತಾನೇ ಓದತೊಡಗಿದ್ದ. ಸೋತರೂ ಖುಷಿ, ಗೆದ್ದರೂ ಖುಷಿ. ಕರೂರಿನ ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದವನ ಮಗ ಜಗತ್ತಿನ ಸಂಗತಿ ಮಾತಾಡುವಾಗ, ಅಲ್ಲಿ ಯಾರೂ ನೀನು ಯಾರವನು ಎಂದು ಕೇಳುತ್ತಿರಲಿಲ್ಲ. ಅದೇ ಅವನಿಗೆ ದೊಡ್ಡದಾಗಿತ್ತು.

ಅವನೊಂದಿಗೆ ಹೆಚ್ಚು ವಾದಕ್ಕೆ ನಿಲ್ಲುತ್ತಿದ್ದವನು ಕುರುಗೋಡಿನ ಗವಿಸಿದ್ದೇಶ್ ಎಂಬ ಬೀಜ ಗೊಬ್ಬರದ ಅಂಗಡಿಯವನು. ಬಸ್ಸು ಹತ್ತಿದರೆ ಒಂದು ತಾಸಿನ ದಾರಿ, ಆದರೂ ಇಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ. ಗವಿಸಿದ್ದೇಶ್ ಒಂದು ದಿನ ಕಾಣದಿದ್ದರೆ ಭೀಮರಾಜ ಚಡಪಡಿಸುತ್ತಿದ್ದ. "ಕುರುಗೋಡಿನಾತ ಇವತ್ತು ಬಂದಿಲ್ಲ, ಜ್ವರ ಬಂದೈತೇನೋ," ಎಂದು ಚಹಾ ಆರಿಸಿಕೊಂಡು ಕೂತಿರುತ್ತಿದ್ದ.

*

ಹೆಣಕ್ಕೆ ಸ್ನಾನ ಮಾಡಿಸಿ ಬಿಳಿ ಬಟ್ಟೆ ಹೊದಿಸುವ ಹೊತ್ತಿಗೆ, ಕೈಯಲ್ಲಿ ಹಾರ ಹಿಡಿದ ಒಬ್ಬ ಮನುಷ್ಯ ಬಸ್ ಸ್ಟಾಪಿನ ಕಡೆಯಿಂದ ನಡೆದು ಬಂದ. ಅರವತ್ತು ದಾಟಿದವನು, ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮಾಡಿದ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕೇರಿಯ ಬಾಯಲ್ಲಿ ಒಂದು ಗಳಿಗೆ ನಿಂತ. ಪ್ರೆಸ್ಸಿನಲ್ಲಿ ಮಷಿನ್ ನಡೆಸುತ್ತಿದ್ದ ದುರ್ಗೇಶ್ ಎದುರು ಹೋಗಿ, ಯಾರು ಬೇಕಾಗಿತ್ತು ಎಂದು ವಿಚಾರಿಸಿದ.

ಜಯಶ್ರೀ ಕೇಳಬೇಕಾಗಿರಲಿಲ್ಲ. ಫೋನಿನ ಚಿಕ್ಕ ಗುಂಡು ಚೌಕಟ್ಟಿನೊಳಗಿನ ಆ ಮುಖವನ್ನು ಅವಳು ಒಂದು ವರ್ಷದಿಂದ ದಿನವೂ ತೆರೆದು ನೋಡಿದ್ದಳು. ಆಸ್ಪತ್ರೆಗೆ ಹೋಗುವಾಗ, ಬಸ್ಸಿನಲ್ಲಿ, ಲ್ಯಾಬಿನಲ್ಲಿ ರಕ್ತದ ಬಾಟಲಿಗಳಿಗೆ ಹೆಸರು ಅಂಟಿಸುವಾಗ ನೋಡಿದ್ದಳು. ಅವನ ಅಂಗಡಿಗೆ ಹೋಗಿ ಎಲ್ಲರೆದುರು ಚಪ್ಪಲಿ ಕೈಗೆ ತೆಗೆದುಕೊಳ್ಳುವುದನ್ನು ಎಷ್ಟೋ ಸಲ ನೆನೆಸಿಕೊಂಡಿದ್ದಳು. ಅಣ್ಣ ಬೇಡವೆಂದಿದ್ದರಿಂದ ಸುಮ್ಮನಿದ್ದಳು. ಈಗ ಬೇಡವೆನ್ನಲು ಅಣ್ಣ ಇರಲಿಲ್ಲ, ಆ ಮನುಷ್ಯನೇ ತನ್ನ ಕಾಲಿನಿಂದ ನಡೆದು ಬಂದಿದ್ದ.

ದುರ್ಗೇಶ್ ಬಂದು ಅವಳ ಕಿವಿಯ ಹತ್ತಿರ ಬಗ್ಗಿದ. "ಅಕ್ಕ, ಆತ ಕುರುಗೋಡಿನ ಗವಿಸಿದ್ದೇಶ್ ಅಂತ. ಗುಂಪಿನಾಗ ಸುದ್ದಿ ನೋಡಿ ಬಂದಾನಂತ. ಹಾರ ಹಾಕ್ತೀನಿ ಅಂತಾನ. ನೂಕಿ ಕಳಿಸಲೇನು?"

"ಬ್ಯಾಡ," ಎಂದಳು ಜಯಶ್ರೀ. "ಹಾಕಲಿ. ಕುಂದ್ರಾಕ ಕುರ್ಚಿ ಕೊಡು, ನೀರು ಕೊಡು. ಆತ ಹೋಗದಂಗ ನೋಡ್ಕೋ."

*

ಗಡಿಯಲ್ಲಿ ಗುಂಡು ಹಾರಿದ ವಾರ ಅದು. ಎಲ್ಲರ ಫೋನಿನಲ್ಲೂ ಉರಿಯುವ ಊರುಗಳ ವಿಡಿಯೊ. ಗವಿಸಿದ್ದೇಶ್ ಜಗಲಿಯಲ್ಲಿ ಅಂಥ ಒಂದನ್ನು ಹಾಕಿದ. ಅದು ಕಂಪ್ಯೂಟರಿನಲ್ಲಿ ಹುಟ್ಟಿಸಿದ್ದೆಂದು ಭೀಮರಾಜ ತೋರಿಸಿಕೊಟ್ಟು, ಕೆಳಗೆ ಹೀಗೆ ಬರೆದ: 'ಸೈನಿಕರು ಸತ್ತರೆ ನಮಗೇನು'. ಅದರ ಮುಂದಿನ ಸಾಲಿನಲ್ಲಿ, 'ಎಂದುಕೊಂಡವರೇ ಇಂಥ ಸುಳ್ಳು ವಿಡಿಯೊ ಹಂಚಿ ಯುದ್ಧ ಬೇಡುತ್ತಾರೆ.'

ನೂರಾರು ಜನ ಗವಿಸಿದ್ದೇಶನನ್ನು ನೋಡಿ ನಕ್ಕರು. ಅವನು ಸಿಟ್ಟಿನಲ್ಲಿ ಬರೆದ ಉತ್ತರದಲ್ಲಿ ಎರಡು ವರ್ಷ ಯಾರೂ ಕೇಳದಿದ್ದ ಮಾತು ಹೊರಬಿತ್ತು. ಕೇರಿ ಎಂಬ ಮಾತು, ಭೀಮರಾಜನ ಅಪ್ಪನ ಮಾತು. ಭೀಮರಾಜ ಅದನ್ನು ಎರಡೆರಡು ಸಲ ಓದಿದ. ಆಮೇಲೆ ತಾನೂ ಬರೆದ. ಗವಿಸಿದ್ದೇಶನ ಒಬ್ಬನೇ ಮಗ ಸೈನ್ಯದಲ್ಲಿದ್ದು ಬೆಟ್ಟದ ರಸ್ತೆಯಲ್ಲಿ ಲಾರಿ ಮಗುಚಿ ಸತ್ತಿದ್ದ. ಅದು ಭೀಮರಾಜನಿಗೆ ಗೊತ್ತಿತ್ತು, ಯಾಕೆಂದರೆ ಗವಿಸಿದ್ದೇಶನೇ ಒಮ್ಮೆ ಅವನೊಬ್ಬನಿಗೇ ಖಾಸಗಿಯಾಗಿ ಬರೆದು ಹೇಳಿಕೊಂಡಿದ್ದ.

'ನನ್ನಪ್ಪ ಕೆಸರಿನಲ್ಲಿ ದುಡಿದು ಸತ್ತ. ನಿಮ್ಮ ಮಗ ಯಾವ ಯುದ್ಧದಲ್ಲಿ ಸತ್ತ? ಲಾರಿ ಮಗುಚಿ ಸತ್ತವನಿಗೆ ಹುತಾತ್ಮನೆಂದು ಊರ ಬಾಗಿಲಲ್ಲಿ ಕಟೌಟ್ ನಿಲ್ಲಿಸಿಕೊಂಡಿರಿ.'

ಸಂಜೆ ಚಹಾಕ್ಕೆ ಕೂತಾಗ ಅದನ್ನು ತಂಗಿಗೆ ತೋರಿಸಿದ. ಸರಿಯಾಗಿ ಕೊಟ್ಟೆ ಅಣ್ಣ ಎಂದು ಜಯಶ್ರೀ ನಕ್ಕಿದ್ದಳು. ಅವನೂ ನಕ್ಕಿದ್ದ. ಅವಳು ಅದರ ಚಿತ್ರ ತೆಗೆದು ತನ್ನ ಫೋನಿನಲ್ಲಿ ಇಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಬಳ್ಳಾರಿಯ ಫೋನುಗಳಲ್ಲೆಲ್ಲ ಭೀಮರಾಜನ ಫೋಟೊ ಇತ್ತು. ಅದರ ಕೆಳಗೆ ಅವನದೇ ಅಕ್ಷರ, ಅವನದೇ ಹೆಸರು: 'ಸೈನಿಕರು ಸತ್ತರೆ ನಮಗೇನು'. ಮುಂದಿನ ಸಾಲನ್ನು ಕತ್ತರಿಸಲಾಗಿತ್ತು. ಮೊದಲು ಹಾಕಿದವನು ಗವಿಸಿದ್ದೇಶ್. 'ಇವರನ್ನು ಗುರುತಿಟ್ಟುಕೊಳ್ಳಿ' ಎಂದು ಬರೆದಿದ್ದ. ಮಧ್ಯಾಹ್ನದ ಹೊತ್ತಿಗೆ ಪ್ರೆಸ್ಸಿನ ಗಾಜು ಒಡೆದು, ಬೋರ್ಡಿಗೆ ಟಾರು ಬಳಿದಿದ್ದರು. ಠಾಣೆಗೆ ಕರೆಸಿ ಸಂಜೆಯವರೆಗೂ ಬೆಂಚಿನ ಮೇಲೆ ಕೂರಿಸಿದರು. ಶಾಲೆಗಳವರು ಪ್ರಶ್ನೆಪತ್ರಿಕೆ ಕೊಡುವುದನ್ನು ಬಿಟ್ಟರು. ಭೀಮರಾಜ ಬಂದವರಿಗೆಲ್ಲ ಪೂರ್ತಿ ಸಾಲು ತೋರಿಸಿದ. ಕೆಳಗಿನದನ್ನು ಓದುವ ತಾಳ್ಮೆ ಯಾರಿಗೂ ಇರಲಿಲ್ಲ. ಕೆಲವು ತಿಂಗಳಿಗೆ ಪ್ರೆಸ್ಸು ಮುಚ್ಚಿತು.

*

ಬುದ್ಧವಂದನೆ ನಡೆಯುತ್ತಿದ್ದಾಗ ಜಯಶ್ರೀ ಮಾರೆಣ್ಣನ ಮನೆಯೊಳಗೆ ಹೋದಳು. ಒಳಗೆ ಯಾರೂ ಇರಲಿಲ್ಲ. ಫೋನು ತೆಗೆದು ಆ ಚಿತ್ರವನ್ನು ಹುಡುಕಿದಳು. ಮೇಲೆ ಗವಿಸಿದ್ದೇಶನ ಮಾತು, ಕೆಳಗೆ ಅಣ್ಣನ ಉತ್ತರ. ಬೆರಳಿನಿಂದ ಕೆಳಗಿನ ಅಂಚನ್ನು ಮೇಲಕ್ಕೆ ಎಳೆದಳು. ಅಣ್ಣನ ಸಾಲುಗಳು ಒಂದೊಂದಾಗಿ ಮರೆಯಾದವು. ಕತ್ತರಿಸುವುದು ಇಷ್ಟು ಸುಲಭ ಎಂದು ಅವಳಿಗೆ ಗೊತ್ತಿರಲಿಲ್ಲ.

ಸ್ಮಶಾನ ಊರಾಚೆ, ಕಾಲುವೆಯ ಏರಿಗೆ ಹೊಂದಿಕೊಂಡಂತೆ ಇತ್ತು. ಸುತ್ತ ನಾಟಿ ಮುಗಿದ ಗದ್ದೆಗಳು. ಹೆಣವನ್ನು ಕುಣಿಗೆ ಇಳಿಸಿದರು. ಜನ ಹಿಡಿಮಣ್ಣು ತೆಗೆದುಕೊಂಡು ಸುತ್ತ ನಿಂತರು. ಗವಿಸಿದ್ದೇಶನೂ ಬಗ್ಗಿ ಒಂದು ಹಿಡಿ ತೆಗೆದುಕೊಂಡ. ದಾರಿಯುದ್ದಕ್ಕೂ ಅವನು ದುರ್ಗೇಶನಿಗೆ, ತಾವಿಬ್ಬರೂ ಎರಡು ವರ್ಷ ದಿನಾ ಮಾತಾಡಿದವರೆಂದು, ಈಗ ಜಗಲಿಯಲ್ಲಿ ಮಾತಾಡಲು ಯಾರೂ ಉಳಿದಿಲ್ಲವೆಂದು ಹೇಳುತ್ತ ಬಂದಿದ್ದ. ದುರ್ಗೇಶ್ ಅವನ ಪಕ್ಕ ಬಿಡದೆ ನಡೆದಿದ್ದ.

ಜಯಶ್ರೀ ಕುಣಿಯ ಆಚೆ ಬದಿಯಿಂದ ಅವನನ್ನು ನೋಡಿದಳು.

"ಇವರು ಕುರುಗೋಡಿನವರು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಅಣ್ಣನ ಜೋಡಿ ಭಾಳ ಮಾತಾಡಿದವರು. ಮಣ್ಣು ಹಾಕೋಕಿಂತ ಮೊದ್ಲು ಇವರು ಬರೆದಿದ್ದನ್ನ ನಿಮಗೆಲ್ಲ ಓದಿ ಹೇಳ್ತಾರ."

ಜನ ದಾರಿ ಬಿಟ್ಟರು. ಅವಳು ಕುಣಿ ಸುತ್ತಿ ಬಂದು ಅವನ ಖಾಲಿ ಕೈಗೆ ಫೋನು ಕೊಟ್ಟಳು. ಅವನ ಇನ್ನೊಂದು ಕೈಯಲ್ಲಿ ಮಣ್ಣಿತ್ತು. ಫೋನಿನ ಮೇಲೆ ಕಣ್ಣು ಹಾಯಿಸಿದ, ಮುಖದ ಬಣ್ಣ ಇಳಿಯಿತು.

"ಅಮ್ಮಾ, ಇದನ್ನ..."

"ಓದ್ರಿ. ಬರಿಯಾಕ ಬಂತಲ್ಲ, ಓದಾಕೂ ಬರ್ತದ."

ಅವನು ಓದಿದ. ಸ್ವರ ಮೇಲೇಳಲಿಲ್ಲ, ಆದರೂ ಗಾಳಿಯಿಲ್ಲದ ಆ ಹೊತ್ತಿನಲ್ಲಿ ಎಲ್ಲರಿಗೂ ಕೇಳಿಸಿತು. "'ಕೇರಿಯಲ್ಲಿ ಹುಟ್ಟಿದವರು ಜಗತ್ತಿನ ಭದ್ರತೆಯ ಪಾಠ ಹೇಳುವ ಕಾಲ ಬಂತು. ಭೀಮರಾಜ ಅವರೇ, ನಿಮ್ಮಪ್ಪ ಯಾರ ಗದ್ದೆಯಲ್ಲಿ ಕೂಲಿ ಮಾಡುತ್ತಿದ್ದನೋ ಮೊದಲು ಅವರ ಅಪ್ಪಣೆ ಕೇಳಿಕೊಂಡು ಬನ್ನಿ.'"

ಸುತ್ತ ನಿಂತವರಲ್ಲಿ ಅರ್ಧದಷ್ಟು ಜನ ಆ ವಾರವೇ ನಾಟಿಗೆ ಹೋಗಿ ಬಂದವರು, ಉಗುರಿನ ಸಂದಿಯಲ್ಲಿ ಇನ್ನೂ ಕೆಸರಿದ್ದವರು. ಮಾರೆಣ್ಣ ನಿಧಾನವಾಗಿ ತಲೆಯ ಮೇಲಿನ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. ಅವನು ಭೀಮರಾಜನ ಅಪ್ಪನ ಒಡಹುಟ್ಟಿದವನು, ಅವನೊಟ್ಟಿಗೆ ಅದೇ ಗದ್ದೆಗಳಲ್ಲಿ ಬಗ್ಗಿದವನು.

ಗವಿಸಿದ್ದೇಶ್ ಹೆಬ್ಬೆರಳಿನಿಂದ ಚಿತ್ರವನ್ನು ಮೇಲಕ್ಕೆ ಸರಿಸಲು ನೋಡಿದ. ಅದು ಸರಿಯಲಿಲ್ಲ. ಮತ್ತೊಮ್ಮೆ ಸರಿಸಿದ.

"ಇದರ ಕೆಳಗ ಇನ್ನೂ ಇತ್ತು," ಎಂದ.

"ಏನಿತ್ತು?" ಜಯಶ್ರೀ ಕೇಳಿದಳು. "ಹೇಳ್ರಿ. ಎಲ್ಲಾರೂ ಕೇಳ್ಲಿ."

ಅವನ ಬಾಯಿ ತೆರೆಯಿತು. ಜಯಶ್ರೀ ಕಾದಳು. ಹೇಳಬೇಕೆಂದರೆ ಅವನು ತನ್ನ ಮಗನ ಸಾವನ್ನು ತನ್ನ ಬಾಯಿಂದಲೇ, ಅವೇ ಮಾತುಗಳಲ್ಲಿ, ಗುರುತಿಲ್ಲದ ಈ ಜನದ ಮುಂದೆ ಹೇಳಬೇಕಿತ್ತು. ಅದು ಅವನಿಂದ ಆಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅದು ಗೊತ್ತಿದ್ದೇ ಕೇಳಿದ್ದಳು. ಅವನ ಹೆಬ್ಬೆರಳು ಚಿತ್ರದ ಕೆಳಗಿನ ಅಂಚಿನಲ್ಲೇ ನಿಂತದ್ದನ್ನು ಅವಳು ಕಣ್ಣು ತುಂಬ ನೋಡಿದಳು. ಆಮೇಲೆ ಅವನು ಬಾಯಿ ಮುಚ್ಚಿಕೊಂಡ, ಫೋನನ್ನು ಅವಳಿಗೆ ಚಾಚಿದ.

ಅವನು ಕುಣಿಯತ್ತ ಒಂದು ಹೆಜ್ಜೆ ಇಟ್ಟಾಗ ದುರ್ಗೇಶ್ ಅವನ ಮುಂಗೈ ಹಿಡಿದ. "ನಿಮ್ಮ ಮಣ್ಣು ಬ್ಯಾಡ್ರಿ."

ಯಾರೂ ಹೊಡೆಯಲಿಲ್ಲ, ಬೈಯಲೂ ಇಲ್ಲ. ಎಲ್ಲರೂ ಅವನ ಕಡೆಗೆ ಬೆನ್ನು ತಿರುಗಿಸಿ ಕುಣಿಯತ್ತ ಸರಿದರು. ಮಾರೆಣ್ಣ ಮೊದಲ ಹಿಡಿ ಹಾಕಿದ. ಆಮೇಲೆ ಹಂಪಮ್ಮ, ಆಮೇಲೆ ಜಯಶ್ರೀ. ಅವಳ ಮೈ ಹಗುರಾಗಿತ್ತು. ಒಂದು ವರ್ಷದ ನಂತರ ಅವಳಿಗೆ ಹಸಿವಾಗುತ್ತಿತ್ತು.

ಸಲಿಕೆಗಳು ಕೆಲಸ ಶುರು ಮಾಡಿದಾಗ ಹಂಪಮ್ಮ ಅವಳ ಪಕ್ಕಕ್ಕೆ ಬಂದು ನಿಂತಳು. "ಜಯಾ, ಕೆಳಗ ಏನು ಬರೆದಿತ್ತು?"

"ಏನೂ ಇರಲಿಲ್ಲ ಅತ್ತಿಗಿ."

ಹಂಪಮ್ಮ ಅವಳ ಮುಖವನ್ನೇ ನೋಡುತ್ತ ನಿಂತಳು. ಜಯಶ್ರೀ ಕಣ್ಣು ತಪ್ಪಿಸಿ ಕಾಲುವೆಯ ಏರಿಯ ಕಡೆ ನೋಡಿದಳು. ಗವಿಸಿದ್ದೇಶ್ ಆಗಲೇ ಹೊರಟು, ಏರಿಯ ಪಕ್ಕದ ಬಸ್ ಸ್ಟಾಪು ಮುಟ್ಟಿದ್ದ. ಸಿರುಗುಪ್ಪದ ಬಸ್ಸು ಬಂದು ನಿಂತಿತು. ಅವನು ಎಡಗೈಯಿಂದ ಬಾಗಿಲ ಕಂಬಿ ಹಿಡಿದು ಮೆಟ್ಟಿಲು ಹತ್ತಲು ನೋಡಿದ, ಆಗಲಿಲ್ಲ, ಮತ್ತೆ ನೋಡಿದ. ಮೇಲಿನಿಂದ ಕಂಡಕ್ಟರ್ ಕೈ ಚಾಚಿ, ಆ ಕೈ ಕೊಡು ಎಂಬಂತೆ ಅವನ ಬಲಗೈ ತೋರಿಸುತ್ತಿದ್ದ. ಅವನು ಕೊಡಲಿಲ್ಲ. ಬಲಗೈಯ ಮುಷ್ಟಿಯನ್ನು ಬಿಗಿಯಾಗಿ ಎದೆಗೊತ್ತಿಕೊಂಡು, ಇಸ್ತ್ರಿ ಅಂಗಿಯ ಮೇಲೆ ಮಣ್ಣು ಸಣ್ಣಗೆ ಸೋರುತ್ತಿದ್ದರೂ ಬೆರಳು ಬಿಡಿಸದೆ, ಒಂದೇ ಕೈಯಲ್ಲಿ ಮೂರನೆಯ ಸಲ ಮೆಟ್ಟಿಲು ಹತ್ತಿದ.